ಕೆಂಪು ಗೆರೆ

ಫಹಾಹೀಲ್, ಮೀನು ಮಾರುಕಟ್ಟೆಯ ಹಿಂದಿನ ಬೀದಿ,
ನಾಲ್ಕನೇ ಮಹಡಿ. ಮಂಚ ಒಂದು, ಬಾಡಿಗೆಗೆ ಇಬ್ಬರು.
ರಾತ್ರಿ ಅದು ಜಲಜಾಕ್ಷಿಯದು, ಹಗಲು ನನ್ನದು.
ನಾನು ಡಯಾಲಿಸಿಸ್ ವಾರ್ಡಿನಿಂದ ಹತ್ತಿ ಬರುವಾಗ
ಅವಳು ಪಾರ್ಲರಿನ ವ್ಯಾನಿಗೆ ಇಳಿಯುತ್ತಿರುತ್ತಾಳೆ.
ಮೆಟ್ಟಿಲ ತಿರುವಿನಲ್ಲಿ ಬೀಗದಕೈ ಈ ಕೈಯಿಂದ ಆ ಕೈಗೆ.
ಅಷ್ಟೇ.
ಶುಕ್ರವಾರವೂ ಇಲ್ಲ; ಶುಕ್ರವಾರ ಅವಳ ಕುರ್ಚಿಗೆ
ಮದುವಣಗಿತ್ತಿಯರ ಸಾಲು.

ಉಳಿದ ಮಾತೆಲ್ಲ ಫ್ರಿಜ್ಜಿನ ಬಾಗಿಲ ಮೇಲೆ,
ದಿನಸಿ ರಸೀದಿಗಳ ಬೆನ್ನಿನಲ್ಲಿ.

‘ಕೊರಿಯಾದ ಬೇಕರಿಯವಳ ಕಥಿ ಕಾಣ್.
ಮೂರನೇ ಎಪಿಸೋಡ್ ತನ್ಕ ತಡ್ಕೋ ಮಾರಾಯ್ತಿ,
ಕಡೀಗ್ ಬೈ.’

ಕೆಳಗೆ ರಾಣೆಬೆನ್ನೂರಿನ ನಾನು:
‘ನೋಡೇನಿ. ಛಲೋ ಐತಿ.
ನೀ ಮಾತ್ರ ಆ ಲೈಟ್‌ಹೌಸಿಂದು ಹಚ್ಚಬ್ಯಾಡ,
ಆರನೇದ್ರಾಗ ನಾಯಿ ಸಾಯ್ತೈತಿ.’

ಹಚ್ಚಿದಳು. ಮರುದಿನದ ರಸೀದಿಯಲ್ಲಿ
ಒಂದೇ ಪದ: ‘ಅಯ್ಯಬ್ಬೇ.’

ಟೀವಿ ಹಿಂದಿನ ಬಾಡಿಗೆಯವಳು ಬಿಟ್ಟುಹೋದದ್ದು,
ಎಡ ಮೂಲೆ ಸೀಳಿದೆ, ಯಾರ ಮುಖ ಆ ಕಡೆ ಸರಿದರೂ
ಎರಡು ಪಾಲು.
ಪ್ರತಿ ಚಿತ್ರದ ಕೆಳಗೂ ಸಣ್ಣದೊಂದು ಕೆಂಪು ಗೆರೆ,
ನೋಡಿದಷ್ಟು ಉದ್ದ.
ಅದು ನಿಂತ ಜಾಗದಿಂದಲೇ ನನಗೆ ಗೊತ್ತು
ನಿನ್ನೆ ಅವಳಿಗೆ ಎಷ್ಟು ಹೊತ್ತಿಗೆ ನಿದ್ದೆ ಹತ್ತಿತು,
ಯಾವ ರಾತ್ರಿ ಹತ್ತಲೇ ಇಲ್ಲ.
ಸೆಪ್ಟೆಂಬರಿನಲ್ಲಿ ಒಂದು ವಾರ
ಗೆರೆ ತುದಿ ಮುಟ್ಟಿ, ಮುಂದಿನದಕ್ಕೆ ದಾಟಿ,
ಅದರ ಮುಂದಿನದಕ್ಕೂ ಹರಿಯಿತು.
ನಾನು ಕೇಳಲಿಲ್ಲ. ನಗುವಂಥದ್ದೊಂದು ಬರೆದಿಟ್ಟೆ:
‘ಟರ್ಕಿ ಅತ್ತಿದು ನೋಡು.
ಸೊಸಿ ಉಪ್ಪು ಹಾಕಿ ಕಾಫಿ ಕೊಡ್ತಾಳ.’

ಆಮೇಲೆ ಬಂತು ಉದ್ದದ ರಸೀದಿ.
ಮುಂದೆ ಅಕ್ಕಿ, ಶಾಂಪೂ, ಅರ್ಧ ಡಜನ್ ಮೊಟ್ಟೆ;
ಹಿಂದೆ ಇರುವೆ ಸಾಲಿನಂಥ ಅಕ್ಷರ:
‘ಇದ್ ಇಲ್ಲಿದೇ ಹಳೇ ಸೀರಿಯಲ್.
ಕೆಳಗೆ ಇಂಗ್ಲಿಷ್ ಬತ್ತಿಲ್ಲೆ, ಎಂತದೂ ಬತ್ತಿಲ್ಲೆ. ಆರೂ ಕಾಣ್.
ಹನ್ನೊಂದನೇದು, ಇಪ್ಪತ್ತೆರಡನೇ ನಿಮಿಷ.
ಒಂದ್ ಅಜ್ಜಿ ಬಾಗ್ಲಲ್ಲಿ ನಿಂತ್ಕಂಡ್ ಹೇಳತ್ತ್,
ಅಬೀ ಹಗ್ಗಿ.
ಬಾಯಿಪಾಠ ಮಾಡ್. ನಿನ್ ಓವರ್‌ಟೈಮಿಗ್ ಬೇಕಾತ್ತ್.
ನನ್ ಸಂಬಳಕ್ಕೆ ಆಯ್ತ್.’

ಹಗ್ಗ ಅಂದುಕೊಂಡೆ.
ನಡುಮಧ್ಯಾಹ್ನ, ಪರದೆ ಎಳೆದು, ಏಸಿ ಗೊರಕೆಯಲ್ಲಿ
ಹನ್ನೊಂದನೇದು ಹಾಕಿದೆ.
ಅಜ್ಜಿಯ ಕೈಯಲ್ಲಿ ಖಾಲಿ ಬುಟ್ಟಿ. ಎದುರು ಯಜಮಾನನ ಬಾಗಿಲು.
ಕೂಗಲಿಲ್ಲ, ಅಳಲಿಲ್ಲ,
ಕೊತ್ತಂಬರಿಗೆ ಎಷ್ಟು ಅನ್ನುವ ದನಿಯಲ್ಲಿ ಅಂದಳು:
ನನಗೆ ಸಲ್ಲಬೇಕಾದ್ದು, ಕೊಡು.

ಒಂಬತ್ತು ಸಲ ಹಿಂದೆ ತಿರುಗಿಸಿದೆ.

ಸಂಜೆ ಲಿಫ್ಟಿನ ಕನ್ನಡಿಗೆ ಹೇಳುತ್ತಿದ್ದೆ,
ಈಜಿಪ್ಟಿನ ಕಾವಲುಗಾರ ಒಳಬಂದು ನಕ್ಕ.
‘ಆ ಹ ಅಲ್ಲ, ಸಿಸ್ಟರ್. ಗಂಟಲ ಒಳಗಿಂದ.
ಕನ್ನಡಕಕ್ಕೆ ಉಸಿರೂದಿ ಒರೆಸುತ್ತೇವಲ್ಲ, ಹಾಗೆ.’
ಮೂರನೇ ಮಹಡಿಯಿಂದ ನೆಲದವರೆಗೆ
ಇಬ್ಬರೂ ಕನ್ನಡಿಗೆ ಉಸಿರೂದಿದೆವು.

ಹೇಳಿದೆ.
ಲೆಕ್ಕದ ಕೋಣೆಯ ಮೇಡಂ ಪೆನ್ನು ಕೆಳಗಿಟ್ಟು
ನನ್ನನ್ನಲ್ಲ, ನನ್ನ ಬಾಯಿಯನ್ನೇ ನೋಡಿದಳು.
‘ಈ ಧಾಟಿ… ಅದನ್ನು ನೀನೂ ನೋಡುತ್ತೀಯಾ?
ನನ್ನಮ್ಮ ನೋಡುತ್ತಿದ್ದಳು.’
ಫೈಲು ತೆಗೆದಳು. ಎಣಿಸುತ್ತ, ತಲೆ ಎತ್ತದೆ,
ಇನ್ನೊಂದು ಮಾತು ಸೇರಿಸಿದಳು.

ಫ್ರಿಜ್ಜಿನ ಮೇಲೆ ಬರೆದೆ:
‘ಎರಡು ತಿಂಗಳದ್ದು ಬಂತು. ಮೂರನೇದು ಸಶೇಷ.
ಲೆಕ್ಕದಾಕಿ ಹೇಳ್ಯಾಳ, ಎರಡನೇ ಸೀಸನ್
ನೋಡಬ್ಯಾಡ್ರಿ, ಪೂರಾ ಕೆಡಿಸ್ಯಾರಂತ.’

ಬೆಳಿಗ್ಗೆ ಬಂದೆ.
ಎರಡನೇ ಸೀಸನ್ನಿನ ಕೆಳಗೆ ಕೆಂಪು ಗೆರೆ,
ಹದಿನಾಲ್ಕು ನಿಮಿಷ.
ದಿಂಬು ಇನ್ನೂ ಬೆಚ್ಚಗಿತ್ತು.